ತೀರ್ಪೆಲ್ಲ ಎ ಸೈಡಿನಲ್ಲಿ

ನಾನು ದೇವರಾದದ್ದು ಮದ್ರಾಸಿನ ತ್ರಿಪ್ಲಿಕೇನಿನ ಒಂದು ಮೆಸ್ಸಿನಲ್ಲಿ, ಮಜ್ಜಿಗೆ ನೀರಾಗಿತ್ತೆಂಬ ಕಾರಣಕ್ಕೆ.

ಆಗ ನಾನು ಹುಬ್ಬಳ್ಳಿ ಕಡೆಯಿಂದ ಬಂದು ಸೋದರಮಾವನ ನೂಲಿನ ಅಂಗಡಿಯಲ್ಲಿ ಕೂತು ಎರಡು ವರ್ಷವಾಗಿತ್ತು. ವ್ಯಾಪಾರ ನನಗೆ ಹತ್ತಲಿಲ್ಲ. ಗಿರಾಕಿಗಳ ಜೊತೆ ಮೆತ್ತಗೆ ಮಾತಾಡಬೇಕು; ನಾನು 'ಬರ್ರಿ, ಕೂಡ್ರಿ' ಅಂದರೂ ಜಗಳಕ್ಕೆ ಕರೆದಂತೆ ಕೇಳಿಸುತ್ತಿತ್ತು. ಆ ದಿನ ಮಧ್ಯಾಹ್ನ ಎಲೆಯ ಮುಂದೆ ಕೂತು, ಬಡಿಸುವವನನ್ನು ನನಗೆ ಗೊತ್ತಿದ್ದ ಅರೆಬರೆ ತಮಿಳಿನಲ್ಲಿ ಕೇಳಿದೆ: "ಇದು ಮೋರಾ, ತಣ್ಣಿಯಾ?" ಮಜ್ಜಿಗೆಯೋ ನೀರೋ ಎಂದು ಕೇಳಿದ್ದು ಅಷ್ಟೇ. ಇಡೀ ಸಾಲು ತುತ್ತು ಎತ್ತಿದ ಕೈಯನ್ನು ಹಾಗೇ ನಿಲ್ಲಿಸಿತು. ಮೂಲೆಯಲ್ಲಿ ಊಟ ಮಾಡುತ್ತಿದ್ದ ಬಿಳಿ ಜುಬ್ಬದ ಮುದುಕರೊಬ್ಬರು ಎದ್ದು, ಕೈ ತೊಳೆದುಕೊಂಡು ನನ್ನ ಹತ್ತಿರ ಬಂದರು.

"ತಮ್ಮಾ, ತಮಿಳಿನಾಗ ಬೈದರೂ ಸಿಟ್ಟು ನಮ್ಮ ಕಡೀದು. ಇನ್ನೊಮ್ಮೆ ಬೈ ನೋಡೋಣ" ಅಂದರು.

ಅವರೇ ದೇವಕುಮಾರ ಅಯ್ಯನವರು, ಗದಗಿನ ಕಡೆಯ ಪಾದ್ರಿಗಳು. ನುಂಗಂಬಾಕ್ಕಂನ ಹಳೇ ಬಂಗಲೆಯೊಂದರಲ್ಲಿ ಯೆಹೂದ್ಯರ ಪ್ರಾಚೀನ ಗ್ರಂಥಗಳ ಕಥೆಗಳನ್ನು, ಅಂದರೆ ಕ್ರೈಸ್ತರು ಹಳೆ ಒಡಂಬಡಿಕೆ ಎನ್ನುವ ಭಾಗವನ್ನು, ದಕ್ಷಿಣದ ನಾಲ್ಕು ಭಾಷೆಗಳಲ್ಲಿ ನಾಟಕದಂತೆ ಧ್ವನಿಮುದ್ರಿಸಿ ಓದುಬಾರದ ಜನರಿಗೆ ಹಂಚುವ ಸಂಸ್ಥೆಯೊಂದಿತ್ತು. ಅದರ ಕನ್ನಡ ವಿಭಾಗ ಇವರದು. ಆರು ತಿಂಗಳಿಂದ ಅವರು ಕನ್ನಡಕ್ಕೊಬ್ಬ ಯೆಹೋವನನ್ನು, ಅಂದರೆ ಆ ಕಥೆಗಳ ದೇವರಿಗೆ ದನಿ ಕೊಡುವವನನ್ನು, ಹುಡುಕುತ್ತಿದ್ದರು. ಹೀಗೆ, ಕೊರಳಲ್ಲಿ ಇಷ್ಟಲಿಂಗದ ಕರಡಿಗೆ, ಹಣೆಯ ಮೇಲೆ ವಿಭೂತಿ ಇಟ್ಟುಕೊಂಡೇ ನಾನು ಇಸ್ರಾಯೇಲರ ದೇವರಾದೆ. ನಮ್ಮ ಅವ್ವನಿಗೆ ಹೇಗೆ ಹೇಳುವುದೆಂಬ ಚಿಂತೆ ಇತ್ತು. ಆಕೆ ಎಲ್ಲ ಕೇಳಿ, "ಸಿಟ್ಟಿನ ದೇವರ ಪಾತ್ರ ಆದ್ರ ನೀ ಮಾಡ್ತೀ ಬಿಡು" ಎಂದಳು.

ಧ್ವನಿ ಕೊಡುವ ಕೆಲಸಕ್ಕೆ ಈಗ ಹೊಸದಾಗಿ ಬರುತ್ತಿರುವ ಕೆಲವರು, ಬೆಸೆಂಟ್ ನಗರದ ಕಡಲದಂಡೆಯಲ್ಲಿ ನಾನು ಸಂಜೆ ಕಾಲಾಡಿಸುವಾಗ ಸಿಕ್ಕಿ, "ಆ ಕಾಲದಲ್ಲಿ ಕೆಲಸ ಹೇಗಿತ್ತು ಸಾರ್?" ಎಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಪ್ರಮೋಶನ್ನಿನ ವಿಷಯ ಇದರಲ್ಲಿಲ್ಲ. ದೇವರಿಗೆ ಪ್ರಮೋಶನ್ ಇರುವುದಿಲ್ಲ.

ಬಂಗಲೆಯ ಹಿಂದಿನ ಎರಡು ಕೋಣೆಗಳೇ ನಮ್ಮ ಸ್ಟುಡಿಯೋ. ಗೋಡೆಗೆ ತೆಂಗಿನ ನಾರಿನ ಹಾಸು ಹೊಡೆದಿದ್ದರು. ಬೀದಿಯ ಗದ್ದಲ ಏರುವ ಮೊದಲೇ, ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ರೆಕಾರ್ಡಿಂಗ್. ಒಂಬತ್ತಕ್ಕೆ ತಮಿಳಿನ ಯೆಹೋವ, ತೆಲುಗಿನ ಯೆಹೋವ, ಮಲಯಾಳದ ಯೆಹೋವ, ನಾನು, ನಾಲ್ವರೂ ಹಿತ್ತಲಲ್ಲಿ ಒಂದೇ ಫ್ಲಾಸ್ಕಿನ ಚಹಾ ಕುಡಿಯುತ್ತಿದ್ದೆವು. ಅಯ್ಯನವರು ನಮ್ಮನ್ನು ನೋಡಿ ತಲೆ ಚಚ್ಚಿಕೊಳ್ಳುತ್ತಿದ್ದರು. "ದೇವರು ಒಬ್ಬನೇ ಅಂತ ಸಾರೋ ಮನಿಯೊಳಗ ನಾಕು ಮಂದಿ ಕೂತು ಬಿಸ್ಕೀಟಿಗೆ ಜಗಳಾ ಆಡ್ತೀರಿ" ಎನ್ನುತ್ತಿದ್ದರು.

ಮೊದಲ ದೊಡ್ಡ ಕೆಲಸ ಜಲಪ್ರಳಯ. ಮನುಷ್ಯರ ಪಾಪ ಹೆಚ್ಚಿ, ದೇವರು ನೋಹನ ಕುಟುಂಬವೊಂದನ್ನು ಬಿಟ್ಟು ಭೂಮಿಯನ್ನೇ ಮುಳುಗಿಸುವ ಕಥೆ. ಆ ವರ್ಷ ಮದ್ರಾಸಿನಲ್ಲಿ ಕುಡಿಯಲು ನೀರಿಲ್ಲ. ಬೀದಿಗೆ ಲಾರಿ ಬಂದರೆ ಹೆಂಗಸರು ಪ್ಲಾಸ್ಟಿಕ್ ಕೊಡಗಳನ್ನು ಸಾಲಾಗಿಟ್ಟು ಕಾಯುತ್ತಿದ್ದರು. ನಮ್ಮ ಸೌಂಡ್ ಇಂಜಿನಿಯರ್ ಸೆಲ್ವಂ ಬಹಳ ಕಟ್ಟುನಿಟ್ಟಿನ ಮನುಷ್ಯ. ಪ್ರಳಯಕ್ಕೆ ಅವನು ಮಂಜೂರು ಮಾಡಿದ್ದು ಎರಡು ಕೊಡ ನೀರು. ನಾನು "ಸಕಲ ಜೀವಿಗಳನ್ನೂ ಅಳಿಸಿಬಿಡುವೆನು" ಎಂದು ಗರ್ಜಿಸಬೇಕು, ಅವನು ಮೈಕಿನ ಮುಂದೆ ಟಬ್ಬಿಗೆ ನೀರು ಸುರಿಯಬೇಕು. ನಾನು ಉತ್ಸಾಹದಲ್ಲಿ ಕೈ ಬೀಸಿ ಒಂದು ಕೊಡ ಉರುಳಿಸಿದೆ. ಸೆಲ್ವಂ ಹೆಡ್‌ಫೋನ್ ಕಿತ್ತಿಟ್ಟು ಬಂದು, ನೆಲದ ನೀರನ್ನು ಬಟ್ಟೆಯಿಂದ ಒತ್ತಿ ಬಕೆಟ್ಟಿಗೆ ಹಿಂಡುತ್ತಾ, "ಸಾರ್, ಉಲಗಂ ಆಮೇಲೆ ಅಳಿಯಟ್ಟುಂ. ಮೊದಲು ತಣ್ಣಿ ಮುಖ್ಯ" ಅಂದ. ಲೋಕ ಆಮೇಲೆ ಅಳಿಯಲಿ, ನೀರು ಮುಖ್ಯ. ಉಳಿದ ಪ್ರಳಯವನ್ನು ಅದೇ ಹಿಂಡಿದ ನೀರಿನಲ್ಲಿ ಮುಗಿಸಿದೆವು. ಸಂಜೆ ಅದರಲ್ಲೇ ಮೆಟ್ಟಿಲು ತೊಳೆದರು.

ಅವಿಧೇಯತೆಯ ಕಥೆಗಳಲ್ಲಿ ಅಯ್ಯನವರಿಗೆ ಬಹಳ ಇಷ್ಟವಾದದ್ದು ಅರಸ ಸೌಲನದು. ಶತ್ರುವಿನ ದನಕುರಿ ಒಂದನ್ನೂ ಉಳಿಸಬೇಡ ಎಂದು ದೇವರು ಹೇಳಿದರೂ, ಒಳ್ಳೊಳ್ಳೆ ಕುರಿಗಳನ್ನು ಉಳಿಸಿಕೊಂಡು, "ಹೇಳಿದಂತೆಯೇ ಮಾಡಿದ್ದೇನೆ" ಎಂದವನು. ಪ್ರವಾದಿ ಸಮುವೇಲನು, ಹಾಗಾದರೆ ಕುರಿ ಕೂಗುವುದು ಕೇಳುತ್ತಿದೆಯಲ್ಲ ಎನ್ನುತ್ತಾನೆ. ಅಲ್ಲೇ ಅರಸುತನ ಹೋಗುತ್ತದೆ. ಸೆಲ್ವಂಗೆ ನಿಜವಾದ ಕೂಗೇ ಬೇಕು. ಒಂದು ಆಡನ್ನು ಮೆಟ್ಟಿಲು ಹತ್ತಿಸಿ ತಂದ. ಕುರಿಯ ಕೂಗಿಗೂ ಆಡಿನ ಕೂಗಿಗೂ ವ್ಯತ್ಯಾಸವಿದೆಯೆಂದು ನಾನೊಂದು ಭಾಷಣ ಮಾಡಿದೆ, ಯಾರೂ ಕೇಳಲಿಲ್ಲ. ಆಡು ಒಂದು ಗಂಟೆ ತುಟಿ ಬಿಚ್ಚಲಿಲ್ಲ. ನಾನು ಹೊರಗೆ ಹೋಗಿ ಬರುವಷ್ಟರಲ್ಲಿ ಸೌಲನಿಗೆ ನಾನು ಕೊಡಬೇಕಿದ್ದ ತೀರ್ಪಿನ ಎರಡು ಹಾಳೆಗಳನ್ನು ತಿಂದು ಮುಗಿಸಿತ್ತು. ಅಯ್ಯನವರು ನೆನಪಿನಿಂದಲೇ ಹೇಳಿಕೊಡುತ್ತಾ ಹೋದರು, ನಾನು ಹೇಳುತ್ತಾ ಹೋದೆ. ಅತ್ಯಂತ ಗಂಭೀರವಾದ ಕಡೇ ವಾಕ್ಯದಲ್ಲಿ ಆಡು ಕೂಗಿತು. ಆ ಟೇಕನ್ನೇ ಇಟ್ಟುಕೊಂಡೆವು.

ಇನ್ನೊಂದು ಹೇಳಿಬಿಡುತ್ತೇನೆ. ದೇವರ ಪವಿತ್ರ ಪೆಟ್ಟಿಗೆಯನ್ನು ಮುಟ್ಟಬಾರದೆಂಬ ಕಟ್ಟಳೆ ಇದ್ದರೂ, ಅದನ್ನು ಹೊತ್ತ ಗಾಡಿಯ ಎತ್ತು ಮುಗ್ಗರಿಸಿದಾಗ ಕೈಚಾಚಿ ಮುಟ್ಟಿ, ನಿಂತಲ್ಲೇ ಸತ್ತ ಉಜ್ಜನೆಂಬವನ ಕಥೆಯನ್ನು ಒಂದು ಬೆಳಿಗ್ಗೆ ರೆಕಾರ್ಡ್ ಮಾಡಿದೆವು. ನಮ್ಮಲ್ಲೂ ಅಂಥ ಒಂದು ಪೆಟ್ಟಿಗೆ ಇತ್ತು: ಸೆಲ್ವಂನ ಟೇಪ್ ಮೆಶಿನ್ನು. ಅದನ್ನು ಅವನ ಹೊರತು ಯಾರೂ ಮುಟ್ಟುವಂತಿರಲಿಲ್ಲ. ಅವನು ತಿಂಡಿಗೆ ಹೋದಾಗ, ನನ್ನ ದನಿ ಹೇಗೆ ಬಂದಿದೆಯೆಂದು ಕೇಳುವ ಆಸೆಗೆ ನಾನು ಗುಂಡಿ ಒತ್ತಿದೆ. ಕೇಳುವ ಗುಂಡಿಯ ಪಕ್ಕದ್ದನ್ನೂ ಸೇರಿಸಿ ಒತ್ತಿದೆ. ಉಜ್ಜ ಪೂರ್ತಿ ಅಳಿಸಿಹೋದ. ಸೆಲ್ವಂ ಬೈಯಲಿಲ್ಲ, ಎಂಟು ದಿನ ನನ್ನ ಜೊತೆ ಮಾತೂ ಆಡಲಿಲ್ಲ. ಬೆಂಕಿ ಗಂಧಕ ಸುರಿಸಿ ಅಭ್ಯಾಸವಿದ್ದ ನನಗೆ ಆ ಎಂಟು ದಿನ ಹೊಟ್ಟೆಗೆ ಅನ್ನ ಸೇರಲಿಲ್ಲ.

ಮನೆಯಲ್ಲಿ ನನ್ನ ಪ್ರತಾಪ ಇನ್ನೂ ಕಡಿಮೆ. ಸೊದೋಮ್ ಪಟ್ಟಣವನ್ನು ಸುಟ್ಟು ಬೂದಿ ಮಾಡಿ ಬಂದ ದಿನ ಹೆಂಡತಿ ನೀಲಮ್ಮ, "ಊರಿಗೇ ಬೆಂಕಿ ಹಚ್ಚಿ ಬಂದೀರಿ, ಸ್ಟವ್ ಹಚ್ಚಾಕ ಬರಂಗಿಲ್ಲ? ಹಾಲು ಕಾಸ್ರಿ" ಎಂದಳು. ಮಗಳು ಇಲ್ಲಿಯೇ ಶಾಲೆ ಕಲಿತವಳು. ಕನ್ನಡದಲ್ಲಿ ಬೈದರೆ ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. ಒಮ್ಮೆ ಅವಳ ಮೇಲೆ ಸ್ಟುಡಿಯೋದ ದನಿ ಪ್ರಯೋಗಿಸಿ ನೋಡಿದೆ. "ಅಪ್ಪಾ, ಎಕೋ ಇಲ್ಲಾಮ ನಲ್ಲಾ ಇಲ್ಲೆ" ಅಂದಳು. ಎಕೋ ಇಲ್ಲದೆ ಚೆನ್ನಾಗಿಲ್ಲವಂತೆ.

ನಗೆಯ ಮಾತು ಇಷ್ಟು ಸಾಕು. ಈಗ ಬರೆಯಬೇಕಾದದ್ದು ದಾವೀದನ ಕ್ಯಾಸೆಟ್ಟಿನ ವಿಷಯ. ಅದನ್ನು ಮುಂದೂಡಲಿಕ್ಕೇ ಇಷ್ಟು ಹೊತ್ತು ಆಡು, ಕೊಡ ಅಂತ ಸುತ್ತು ಹೊಡೆದೆ.

ಸ್ಪೂಲುಗಳು ಹೋಗಿ ಕ್ಯಾಸೆಟ್ಟುಗಳು ಬಂದಾಗ ನಮ್ಮಲ್ಲೊಂದು ಪದ್ಧತಿ ಬೆಳೆಯಿತು. ಪಾಪ ಮತ್ತು ತೀರ್ಪು ಎ ಸೈಡಿನಲ್ಲಿ. ಪಶ್ಚಾತ್ತಾಪ ಮತ್ತು ಕರುಣೆ ಬಿ ಸೈಡಿನಲ್ಲಿ. ತೀರ್ಪಿನ ಭಾಗದಲ್ಲಿ ಮಾತೆಲ್ಲ ನನ್ನದು. ಪ್ರವಾದಿಯ ಪಾತ್ರದವನು "ಯೆಹೋವನು ಹೀಗೆನ್ನುತ್ತಾನೆ" ಎಂದ ಕೂಡಲೇ ಅವನ ದನಿಯನ್ನು ಇಳಿಸಿ, ಎಕೋ ಸೇರಿಸಿ ನನ್ನ ದನಿಯನ್ನು ಏರಿಸುತ್ತಿದ್ದರು. ಕರುಣೆಯ ಭಾಗದಲ್ಲಿ ಮಾತು ಹೆಚ್ಚಾಗಿ ಸುಶೀಲಮ್ಮನವರದು. ಅವರು ನಿರೂಪಕಿ, ರೈಲ್ವೆಯಲ್ಲಿದ್ದವರ ಮಗಳು, ಮದ್ರಾಸಿನಲ್ಲೇ ಹುಟ್ಟಿ ಬೆಳೆದ ಕನ್ನಡತಿ. ಬಿಸಿ ಅನ್ನಕ್ಕೆ ಕರೆದಂಥ ದನಿ ಅವರದು. ಆ ದನಿಯ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಅಂದು ಒಪ್ಪಿಕೊಂಡಿರಲಿಲ್ಲ, ಈಗ ಒಪ್ಪಿಕೊಳ್ಳುತ್ತೇನೆ.

ದಾವೀದನ ಕಥೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅವನು ದೊಡ್ಡ ಅರಸ, ದೇವರಿಗೆ ಬೇಕಾದವನು. ತನ್ನ ಸೈನಿಕನೊಬ್ಬನ ಹೆಂಡತಿ ಬತ್ಷೆಬೆಯನ್ನು ತನ್ನವಳಾಗಿಸಿಕೊಂಡು, ಆ ಸೈನಿಕ ಯುದ್ಧದಲ್ಲಿ ಸಾಯುವಂತೆ ಮಾಡಿದ. ಪ್ರವಾದಿ ನಾತಾನನು ಬಂದು ತೀರ್ಪು ಹೇಳುತ್ತಾನೆ: ಅರಸ ಬದುಕುತ್ತಾನೆ, ಹುಟ್ಟಿದ ಕೂಸು ಸಾಯುತ್ತದೆ. ಸ್ಕ್ರಿಪ್ಟು ಓದಿದಾಗ ನಾನು ಅಯ್ಯನವರನ್ನು ಕೇಳಿದ್ದೆ, "ಅಪರಾಧ ಅಪ್ಪಂದು. ಕೂಸು ಯಾಕ ಸಾಯಬೇಕ್ರಿ?"

ಅಯ್ಯನವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. "ಗೊತ್ತಿಲ್ಲೋ. ಹೀಬ್ರೂ ಮೂಲದಾಗ ಓದೇನಿ, ನಲವತ್ತು ವರ್ಷ ಆತು, ಇನ್ನೂ ಗೊತ್ತಾಗಿಲ್ಲ. ಒಂದು ಗೊತ್ತೈತಿ. ಈ ದೇವರು ಬ್ಯಾರೇದವರ ಮ್ಯಾಲೆ ಇಷ್ಟು ಸಿಟ್ಟಾಗಂಗಿಲ್ಲ. ಇದು ತನ್ನವರ ಮ್ಯಾಲಿನ ಸಿಟ್ಟು, ಒಳಗ ಸಂಕಟ ಐತಿ. ಆ ಸಂಕಟ ಇಟಗೊಂಡು ಹೇಳು."

ನಾನು ಹಾಗೆ ಹೇಳಲಿಲ್ಲ. ಎಲ್ಲ ಗೊತ್ತಿರುವವನಂತೆ, ಹೈಕೋರ್ಟಿನ ಜಡ್ಜಿಗಿಂತ ಜೋರಾಗಿ ಹೇಳಿದೆ. ಕೊನೆಗೆ ಸೆಲ್ವಂ ತಗಡಿನ ಹಾಳೆ ಅಲ್ಲಾಡಿಸಿ ಗುಡುಗು ಹುಟ್ಟಿಸಿದ. ಗುಡುಗು ಅಡಗಿದ ಮೇಲೆ ಸುಶೀಲಮ್ಮನವರ ಒಂದು ಮಾತಿತ್ತು: "ಕಥೆ ಮುಗಿದಿಲ್ಲ. ಕ್ಯಾಸೆಟ್ ತಿರುಗಿಸಿ ಹಾಕಿ ಕೇಳಿ." ಪ್ರತಿ ಕ್ಯಾಸೆಟ್ಟಿನ ಎ ಸೈಡಿನ ಕೊನೆಗೂ ಅದು ಇರಬೇಕೆಂದು ಅಯ್ಯನವರ ಕಟ್ಟಪ್ಪಣೆ.

ನಾನು ಕೂಗಾಡಿದೆ. ದೇವರು ತೀರ್ಪು ಕೊಟ್ಟ ಮೇಲೆ, ಗುಡುಗು ಹೊಡೆದ ಮೇಲೆ, ದೋಸೆ ತಿರುವಿ ಹಾಕಿ ಎಂಬ ಹಾಗೆ ಕ್ಯಾಸೆಟ್ ತಿರುಗಿಸಿ ಹಾಕಿ ಅಂದರೆ ಮಾಡಿದ್ದೆಲ್ಲ ಮಣ್ಣುಪಾಲು. ಗುಡುಗಿನ ನಂತರ ಮೌನ ಇರಬೇಕು. ಕ್ಯಾಸೆಟ್ಟಿಗೆ ಎರಡು ಬದಿ ಇರುವುದು ಯಾರಿಗೆ ಗೊತ್ತಿಲ್ಲ? ಅಯ್ಯನವರು ಆ ತಿಂಗಳು ಕಣ್ಣಿನ ಆಪರೇಷನ್ನಿಗೆ ರಜೆಯ ಮೇಲಿದ್ದರು. ಸುಶೀಲಮ್ಮ ಜಗಳದವರಲ್ಲ. "ನಿಮ್ಮಿಷ್ಟ ರೀ" ಎಂದು ಸುಮ್ಮನಾದರು. ನಾನು ಸೆಲ್ವಂ ಪಕ್ಕ ನಿಂತು ಆ ಮಾತಿಗೆ ಕತ್ತರಿ ಹಾಕಿಸಿದೆ.

ಅಷ್ಟಕ್ಕೇ ನಿಲ್ಲಲಿಲ್ಲ. ಬಿ ಸೈಡಿನ ಕೊನೆಯಲ್ಲಿ ನನಗೂ ಒಂದು ಮಾತಿತ್ತು. ಮೊದಲ ಕೂಸು ಸತ್ತು, ಅರಸನೂ ಬತ್ಷೆಬೆಯೂ ಅತ್ತು, ಬಳಿಕ ಎರಡನೆಯ ಮಗ ಹುಟ್ಟುತ್ತಾನೆ. ದೇವರು ಆ ಮಗುವನ್ನು ಪ್ರೀತಿಸಿ, ತನಗೆ ಪ್ರಿಯನಾದವನೆಂದು ಹೆಸರು ಹೇಳಿ ಕಳಿಸುತ್ತಾನೆ. ಒಂದೇ ವಾಕ್ಯ. ಹನ್ನೊಂದು ಟೇಕು ತೆಗೆದುಕೊಂಡೆ. ಪ್ರೀತಿಸುತ್ತೇನೆ ಎಂದಾಗಲೆಲ್ಲ ಬಾಕಿ ವಸೂಲಿಗೆ ಬಂದವನಂತೆ ಕೇಳಿಸುತ್ತಿತ್ತು. ಸೆಲ್ವಂ ಗಾಜಿನ ಆಚೆ ನಗು ತಡೆದುಕೊಳ್ಳುತ್ತಿದ್ದ. ನನಗೆ ಅವಮಾನವಾಯಿತು. "ಈ ಮಾತು ದೇವರ ಗಾಂಭೀರ್ಯಕ್ಕೆ ಒಪ್ಪುವುದಿಲ್ಲ" ಎಂದು ಹೇಳಿ ಅದನ್ನೂ ತೆಗೆಸಿದೆ. ಮಗ ಹುಟ್ಟಿದನೆಂಬ ಸುಶೀಲಮ್ಮನವರ ಒಂದು ವಾಕ್ಯ ಉಳಿಯಿತು, ಆಮೇಲೆ ವೀಣೆ. ಅಯ್ಯನವರು ಹಿಂತಿರುಗುವಷ್ಟರಲ್ಲಿ ಸಾವಿರಾರು ಪ್ರತಿ ಊರೂರಿಗೆ ಹೋಗಿ ಆಗಿತ್ತು. ಅವರು ಕ್ಯಾಸೆಟ್ಟನ್ನು ಪೂರ್ತಿ ಕೇಳಿದರು, ನನ್ನನ್ನು ನೋಡಿದರು. ಮುಂದಿನ ಕ್ಯಾಸೆಟ್ಟುಗಳಿಂದ ಸುಶೀಲಮ್ಮನವರ ಮಾತು ಮತ್ತೆ ಸೇರಿತು. ದಾವೀದ ಮಾತ್ರ ಹಾಗೇ ಉಳಿದ.

ನಾಲ್ಕೈದು ವರ್ಷ ಕಳೆದಿರಬೇಕು. ಒಂದು ದಿನ ಬೆಳಿಗ್ಗೆ ಹಿತ್ತಲಲ್ಲಿ ಮಲಯಾಳದ ಯೆಹೋವ ನನ್ನ ಪಾಲಿನ ಚಹಾ ಕುಡಿದುಬಿಟ್ಟನೆಂದು ನಾನು ಕೂಗಾಡುತ್ತಿದ್ದೆ. ಗೇಟಿನಿಂದ ಬರುತ್ತಿದ್ದ ಹೆಂಗಸೊಬ್ಬಳು ಗಕ್ಕನೆ ನಿಂತು, ಹಾಗೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ತುಂಬು ಬಸುರಿ, ಆದರೆ ಮುಖ, ಕೈಕಾಲು ಕಡ್ಡಿ. ಸೆರಗಿನ ತುದಿಯಲ್ಲಿ ಏನೋ ಗಂಟು ಕಟ್ಟಿಕೊಂಡಿದ್ದಳು. ಸುಶೀಲಮ್ಮ ಓಡಿಹೋಗಿ ಹಿಡಿದುಕೊಂಡರು.

"ಇವ್ರೇಯ. ಈ ದನಿಯೋರೇಯ" ಎಂದಳು ಅವಳು ನನ್ನ ಕಡೆ ಕೈ ಮಾಡಿ.

ಅವಳ ಹೆಸರು ಅನ್ನಮ್ಮ. ಕೊಳ್ಳೇಗಾಲದ ಕಡೆಯವಳು. ಗಂಡ ಇಲ್ಲಿ ಕಟ್ಟಡಗಳ ಸೆಂಟ್ರಿಂಗ್ ಕೆಲಸಕ್ಕೆ ಬಂದಿದ್ದ, ಅವಳು ಬೆಸೆಂಟ್ ನಗರದ ಎರಡು ಮನೆಗಳಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಗಂಟು ಬಿಚ್ಚಿದಳು; ದಾವೀದನ ಕ್ಯಾಸೆಟ್ಟು. ಹೊದಿಕೆಯ ಮೇಲಿದ್ದ ವಿಳಾಸವನ್ನು ಯಾರಿಂದಲೋ ಓದಿಸಿಕೊಂಡು ಬಂದಿದ್ದಳು. ಅಯ್ಯನವರೂ ಹೊರಗೆ ಬಂದರು.

"ಸಾಮಿ, ನಾನು ನಮ್ಮಪ್ಪನ ಮಾತ ಮೀರಿ ಮದ್ವೆ ಆದೆ" ಎಂದಳು ನನಗೇ. "ಮೊದ್ಲನೇ ಕೂಸು ಇಪ್ಪತ್ತು ದಿವ್ಸಕ್ಕೆ ಹೋಯ್ತು. ಆಮೇಲೆ ಊರಲ್ಲಿ ಈ ಕ್ಯಾಸೆಟ್ ಕೊಟ್ರು. ನೀವು ಹೇಳಿದ್ದು ನಂಗೇಯ ಅಂತ ಅವತ್ತೇ ಗೊತ್ತಾಯ್ತು. ಈಗ ಇದು ಏಳ್ನೇ ತಿಂಗ್ಳು. ಇದ್ನೂ ಎತ್ಕೊಂಡ್ಬುಡ್ತೀರಾ? ಒಂದು ಮಾತು ಹೇಳ್ಬುಡಿ. ತಿಳ್ಕೊಂಡು ಇರ್ತೀನಿ."

ಸುಶೀಲಮ್ಮ, "ಆಸ್ಪತ್ರೆಗೆ ತೋರಿಸಿದೆಯೇನಮ್ಮಾ?" ಎಂದು ಕೇಳಿದರು.

"ಇಲ್ಲ ಕಣಮ್ಮ. ತೀರ್ಪು ಆಗೋದ್ಮೇಲೆ ಡಾಕ್ಟ್ರು ಏನ್ ಮಾಡಾರು? ಉಪಾಸ ಮಾಡ್ತಾವ್ನಿ, ವಾರಕ್ಕೆ ನಾಕು ದಿನ."

"ಮತ್ತೆ ಇನ್ನೊಂದು ಬದಿ ಕೇಳಲಿಲ್ಲವಾ?"

"ಇನ್ನೊಂದು ಬದಿ ಅಂದ್ರೆ?"

ಸುಶೀಲಮ್ಮ ನನ್ನ ಕಡೆ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಒಳ್ಳೆಯದಿತ್ತು. ನಾನು ಕ್ಯಾಸೆಟ್ಟನ್ನು ಕೈಗೆ ತೆಗೆದುಕೊಂಡೆ. ಒಂದು ಬದಿಯ ಅಕ್ಷರಗಳು ಬೆರಳು ತಾಗಿ ತಾಗಿ ಅಳಿಸಿಹೋಗಿದ್ದವು. ಇನ್ನೊಂದು ಬದಿಯವು ಅಂಟಿಸಿದ ದಿನದಂತೆಯೇ ಇದ್ದವು.

ನನಗೆ ಒಮ್ಮೆಲೇ ಹುರುಪು ಬಂತು. ಮದ್ದು ಬಿ ಸೈಡಿನಲ್ಲೇ ಇದೆಯಲ್ಲ! ಅವಳನ್ನು ಒಳಗೆ ಕರೆದುಕೊಂಡು ಹೋಗಿ ಕುರ್ಚಿ ಹಾಕಿ ಕೂರಿಸಿದೆವು, ಸೆಲ್ವಂ ಕ್ಯಾಸೆಟ್ ತಿರುಗಿಸಿ ಹಾಕಿದ. ಅರಸ ಅತ್ತ. ಕೂಸು ಸತ್ತಿತು. ಅನ್ನಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬಳಿಕ ಸುಶೀಲಮ್ಮನವರ ದನಿ, ಅವರಿಗೆ ಇನ್ನೊಬ್ಬ ಮಗ ಹುಟ್ಟಿದನೆಂದಿತು. ವೀಣೆ ಬಂತು. ಕ್ಯಾಸೆಟ್ ಟಕ್ಕೆಂದು ನಿಂತಿತು.

ನಾವೆಲ್ಲ ಅವಳ ಮುಖ ನೋಡುತ್ತಿದ್ದೆವು. ಅವಳು ಇನ್ನೂ ಮೆಶಿನ್ನನ್ನೇ ನೋಡುತ್ತಿದ್ದಳು.

"ಅದಕ್ಕೆ ಸಾಮಿ ಏನಂದ್ರು?" ಎಂದಳು. "ಏನೂ ಅನ್ನಲೇ ಇಲ್ವಾ? ಮೊದ್ಲನೇ ಕೂಸಿಗೆ ಅಷ್ಟು ಹೇಳಿದ್ರು. ಎರಡನೇದಕ್ಕೆ ಸುಮ್ಕಾಗ್ಬುಟ್ರಾ? ಹಂಗಾದ್ರೆ ಕ್ವಾಪ ಇನ್ನೂ ಇಳ್ದಿಲ್ಲ."

ಹನ್ನೊಂದು ಟೇಕಿನಲ್ಲಿ ಕೆಡಿಸಿ, ನನ್ನ ಮರ್ಯಾದೆ ಉಳಿಸಿಕೊಳ್ಳಲು ನಾನು ತೆಗೆಸಿದ ವಾಕ್ಯವನ್ನೇ ಅವಳು ಕೇಳುತ್ತಿದ್ದಳು. ಅಯ್ಯನವರು ಕಪಾಟಿನಿಂದ ಗ್ರಂಥ ತೆಗೆದು, "ಅಂದಾನವ್ವ, ಇಲ್ಲೈತಿ ನೋಡು" ಎಂದು ಬೆರಳಿಟ್ಟು ತೋರಿಸಿ ಓದಿದರು. ಅವಳು ವಿನಯದಿಂದ ಕೇಳಿಸಿಕೊಂಡಳು, ಆದರೆ ತಲೆಯಾಡಿಸಿದಳು. "ನೀವು ದೊಡ್ಡೋರು, ಸುಳ್ಳು ಹೇಳಾಕಿಲ್ಲ. ಆದ್ರೆ ಸಾಯ್ತದೆ ಅಂದಿದ್ದು ಈ ದನಿ. ಈ ದನಿಯೇ ಹೇಳ್ಬೇಕು."

ನಾನು ರೆಕಾರ್ಡಿಂಗ್ ಬೂತಿಗೆ ಹೋದೆ. ಮೈಕಿನ ಮುಂದೆ ಬಾಗಿದಾಗ ಕರಡಿಗೆ ಸ್ಟ್ಯಾಂಡಿಗೆ ತಾಗಿತು. ಗಾಜಿನ ಆಚೆ ಅನ್ನಮ್ಮ ನನ್ನನ್ನು, ನನ್ನ ಹೊಟ್ಟೆಯನ್ನು, ವಿಭೂತಿಯನ್ನು ನೋಡಿ, "ನಾನು ಕಣ್ಮುಚ್ಕೊತೀನಿ" ಎಂದಳಂತೆ. ಸೆಲ್ವಂ ಆಮೇಲೆ ಹೇಳಿದ. ನಾನು ಕೇಳದಿದ್ದರೂ ಅವನೇ ಎಕೋ ಏರಿಸಿದ.

"ಈ ಕೂಸು ನನಗೆ ಪ್ರಿಯವಾದದ್ದು. ಇದನ್ನು ನಾನು ಪ್ರೀತಿಸುತ್ತೇನೆ" ಎಂದೆ.

ಹನ್ನೆರಡನೆಯ ಟೇಕು. ಹೇಗೆ ಬಂತೋ ನನಗೆ ತಿಳಿಯದು, ಯಾಕೆಂದರೆ ಅದನ್ನು ರೆಕಾರ್ಡ್ ಮಾಡಲಿಲ್ಲ. ದನಿ ಒಡೆದಿತ್ತು ಎಂಬುದು ಮಾತ್ರ ಗೊತ್ತು. ಅಲ್ಲಿಗೆ ವಾಕ್ಯ ಮುಗಿದಿತ್ತು. ಆದರೆ ಗಾಜಿನ ಆಚೆಯ ಆ ಕಡ್ಡಿಯಂಥ ಕೈಗಳನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಗ್ರಂಥದ ಮಾತಿಗೆ ಒಂದಕ್ಷರ ಕೂಡಿಸುವುದೂ ಮಹಾಪರಾಧ, ಹಾಗೆ ಮಾಡಿದವರ ಮೇಲೆ ನಾನೇ ಎಷ್ಟೋ ಶಾಪ ಹಾಕಿದ್ದೆ. ಆದರೂ ಹೇಳಿದೆ: "ಅನ್ನಮ್ಮಾ, ಉಪವಾಸ ಸಾಕು. ಇವತ್ತೇ ಆಸ್ಪತ್ರೆಗೆ ಹೋಗು."

ಹೊರಗೆ ಬಂದಾಗ ಅವಳು ಕಣ್ಣು ಒರೆಸಿಕೊಳ್ಳುತ್ತಿದ್ದಳು. ಸುಶೀಲಮ್ಮ ಅವಳನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ತಮ್ಮ ಡಬ್ಬಿಯ ಮೊಸರನ್ನ ತಿನ್ನಿಸತೊಡಗಿದರು. ಬಾಗಿಲಲ್ಲಿ ಅಯ್ಯನವರು ನಿಂತಿದ್ದರು.

"ಕಡೀ ಮಾತು ಗ್ರಂಥದಾಗ ಇಲ್ಲ" ಅಂದರು.

"ಹೌದ್ರೀ ಅಯ್ಯನವರ. ತಪ್ಪಾತ್ರಿ."

ಅವರು ಹಿತ್ತಲ ಕಡೆ ಬಗ್ಗಿ ನೋಡಿದರು. "ಇನ್ನೂ ಗಟ್ಟ್ಯಾಗಿ ಹೇಳಬೇಕಿತ್ತು. ಆಕಿಗೆ ನೆಟ್ಟಗೆ ಕೇಳಿಸ್ತೋ ಇಲ್ಲೋ" ಎಂದು ಹೇಳಿ ಒಳಗೆ ಹೋದರು.

ಅಂದು ಮಧ್ಯಾಹ್ನ ನೀಲಮ್ಮನಿಗೆ ಫೋನು ಮಾಡಿ ಕರೆಸಿದೆ. ನನ್ನ ಹೆಂಡತಿ ಅವಳನ್ನು ಸರ್ಕಾರಿ ಹೆರಿಗೆ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಆಮೇಲೂ ವಾರ ತಪ್ಪದೆ ಹೋಗುತ್ತಿದ್ದಳು. ನಾನು ಒಮ್ಮೆಯೂ ಜೊತೆಗೆ ಹೋಗಲಿಲ್ಲ, ಗಂಟಲು ಸರಿಯಿ‌ಲ್ಲ ಎನ್ನುತ್ತಿದ್ದೆ. ಆ ಎರಡು ತಿಂಗಳು ನನಗೆ ನಿದ್ದೆ ಹತ್ತಲಿಲ್ಲ. ಅವಳಿಗೆ ಏನಾದರೂ ಆದರೆ ಅದು ಅವಳ ಪಾಪದ ಫಲವಾಗಿರುವುದಿಲ್ಲ, ಗುಡುಗಿನ ನಂತರ ಮೌನ ಬೇಕೆಂದ ನನ್ನ ಜಂಬದ ಫಲವಾಗಿರುತ್ತದೆ. ಮೂವತ್ತು ವರ್ಷಗಳ ಕೆಲಸದಲ್ಲಿ ದೇವರ ತೀರ್ಪಿಗೆ ನಾನು ನಿಜವಾಗಿ ಹೆದರಿದ್ದು ಆ ಎರಡು ತಿಂಗಳು ಮಾತ್ರ.

ಆಮೇಲಿನ ಬದಲಾವಣೆಗಳನ್ನು ನೀವೇ ಕಂಡಿದ್ದೀರಿ. ಕ್ಯಾಸೆಟ್ ಹೋಗಿ ಸಿಡಿ ಬಂತು, ಅದೂ ಹೋಗಿ ಉಗುರಿನಷ್ಟು ಮೆಮೊರಿ ಚಿಪ್, ಈಗ ಫೋನಿನಲ್ಲೇ ಎಲ್ಲ. ಎಕೋಗೆ ಒಂದು ಗುಂಡಿ, ಆಡಿಗೊಂದು ಗುಂಡಿ. ತಿರುಗಿಸಿ ಹಾಕಲು ಬದಿಯೇ ಇಲ್ಲ. ಅರ್ಧಕ್ಕೆ ನಿಲ್ಲಿಸಿ ಎದ್ದುಹೋಗುವವರು ಮಾತ್ರ ಇದ್ದೇ ಇದ್ದಾರೆ. ಅಂಥವರನ್ನು ಮನಸ್ಸಿನಲ್ಲಿಟ್ಟುಕೊಂಡು ಕೆಲಸ ಮಾಡಿ. ನಿಮ್ಮ ದನಿ ಚೆನ್ನಾಗಿದೆಯೆಂದು ನಿಮಗೇ ಅನ್ನಿಸಿದ ದಿನ ಇನ್ನೊಬ್ಬರ ಮಾತಿಗೆ ಕತ್ತರಿ ಹಾಕಬೇಡಿ.

ಅನ್ನಮ್ಮ ಮತ್ತೆ ಬಂದದ್ದು ಹೆರಿಗೆಯಾಗಿ ತಿಂಗಳು ಕಳೆದ ಮೇಲೆ. ಹೆಣ್ಣುಕೂಸು. ಹಿತ್ತಲಲ್ಲಿ ನಾಲ್ವರೂ ದೇವರು ಕೂತಿದ್ದಲ್ಲಿಗೆ ನೇರವಾಗಿ ಬಂದಳು. ಅವಳ ಮುಖ ತುಂಬಿಕೊಂಡಿತ್ತು. ನಗುತ್ತಲೇ ಹೇಳಿದಳು, "ಡಾಕ್ಟ್ರಮ್ಮ ಚೆನ್ನಾಗಿ ಬೈದ್ರು ಸಾಮಿ. ಮೈಯಲ್ಲಿ ರಕ್ತಾನೇ ಇರ್ನಿಲ್ವಂತೆ. ಅವತ್ತು ಬರ್ದೆ ಇನ್ನೊಂದು ಹದಿನೈದು ದಿನ ಬುಟ್ಟಿದ್ರೆ ಎರಡು ಜೀವವೂ ಹೋಗೋದಂತೆ." ಹೇಳುತ್ತಾ ಹೇಳುತ್ತಾ ಕೂಸನ್ನು ತಂದು ನನ್ನ ಕೈಗಳ ಮೇಲೆ ಮಲಗಿಸಿಬಿಟ್ಟಳು.

ಕೊಳ್ಳೆ ಬಚ್ಚಿಟ್ಟ ಆಕಾನನಿಂದ ಹಿಡಿದು ಅರಸ ಅಹಾಬನವರೆಗೆ, ನಮ್ಮ ಕಥೆಗಳ ಎಷ್ಟು ಜನರಿಂದ ನಾನು ತಪ್ಪು ಒಪ್ಪಿಸಿದ್ದೆನೋ ಲೆಕ್ಕವಿಲ್ಲ. ನನ್ನ ಸರದಿ ಬಂದಾಗ ದನಿ ಪಿಸುಗುಟ್ಟಿತು. "ಅನ್ನಮ್ಮಾ, ನಿನಗೊಂದು ಹೇಳಬೇಕವ್ವ. ಆ ಕ್ಯಾಸೆಟ್ ತಿರುಗಿಸಿ ಹಾಕ್ರಿ ಅಂತ ಕಡೀಕ ಒಂದು ಮಾತಿತ್ತು. ಅದನ್ನ ತೆಗಿಸಿದಾಂವ ನಾನ. ಕೂಸಿನ ಮಾತೂ ನಾನ ತೆಗಿಸಿದ್ದು."

"ಗೊತ್ತು ಸಾಮಿ" ಎಂದಳು ಅವಳು. "ಅವತ್ತು ಮೊಸರನ್ನ ತಿನ್ನಾಗಲೇ ನಾನೇ ಕೇಳ್ದೆ. ಸುಶೀಲಮ್ಮಾರು ಹೇಳ್ಬುಟ್ರು."

"ಗೊತ್ತಿದ್ದೂ ಕೂಸನ್ನ ನನ್ನ ಕೈಯಾಗ ಕೊಟ್ಟೆಲ್ಲಾ?"

ಅವಳಿಗೆ ನನ್ನ ಪ್ರಶ್ನೆಯ ಕಡೆ ಗಮನವಿರಲಿಲ್ಲ. ನನ್ನ ಒರಟು ಕೈಗಳನ್ನೇ ಆತಂಕದಿಂದ ನೋಡುತ್ತಿದ್ದಳು.

"ತಲೆ ಕೆಳಗೆ ಕೈ ಮಡಗಿ ಸಾಮಿ, ಕತ್ತಿನ್ನೂ ನಿಂತಿಲ್ಲ" ಎಂದಳು.

ಅವಳು ಹೇಳಿದಂತೆ ಮಾಡಿದೆ.